ಫೋನಕ್ಕನ ಬಯೋಡೇಟಾ

ಲಿಫ್ಟ್ ರಿಪೇರಿ ಮಾಡುತ್ತಿದ್ದ ಆ ಸಣ್ಣ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಕೊಂಡವರಿಗೆ ತಮ್ಮದೇ ಮೆಕ್ಯಾನಿಕ್‌ಗಳಿದ್ದರು, ಫೋನ್ ಎತ್ತಲು ತಮ್ಮದೇ ಜನರಿದ್ದರು. ಹಾಗಾಗಿ ಒಂದು ಶುಕ್ರವಾರ ಹಳಬರೆಲ್ಲರ ಕೈಕುಲುಕಿ, ಒಂದು ಗುಂಪು ಫೋಟೋ ತೆಗೆಸಿ, ಮನೆಗೆ ಕಳಿಸಿದರು. ಹಾಗೆ ಮನೆ ಸೇರಿದವರಲ್ಲಿ ಮೌನಿಯೂ ಒಬ್ಬ.

ಮೌನಿ ಎನ್ನುವುದು ಜೊತೆಯವರು ಇಟ್ಟ ಅಡ್ಡಹೆಸರು. ಲಿಫ್ಟಿನ ಕೆಲಸದಲ್ಲಿ ಎತ್ತಿದ ಕೈ, ಆದರೆ ಬಾಯಿಂದ ಮಾತು ಹೊರಡಿಸುವುದು ಮಾತ್ರ ಕಷ್ಟ. ದಿನವಿಡೀ ಕೆಲಸ ಮಾಡಿ ಬಂದು ಕೆಲಸದ ವರದಿ ಕಾರ್ಡಿನ ಮೇಲೆ “ಸರಿಯಾಗಿದೆ” ಎಂದು ಒಂದೇ ಪದ ಬರೆದು ಹೋಗುತ್ತಿದ್ದ. ಅಂಥವನು ಈಗ ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕಾಗಿ ಬಂತು.

“ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಭಾವ, ನಾನಿಲ್ವಾ?” ಎಂದ ಹೆಂಡತಿಯ ತಮ್ಮ. ಬಯೋಡೇಟಾ ಎನ್ನಬಾರದು, ರೆಸ್ಯೂಮೆ ಎನ್ನಬೇಕು ಎಂದು ತಿದ್ದಿ, ಅದೇ ಸಂಜೆ ಮೂರು ಪುಟ ತಯಾರು ಮಾಡಿದ. ಎಡಗಡೆ ನೀಲಿ ಪಟ್ಟಿ, ಬಲಗಡೆ ಫೋಟೋ. “ಸವಾಲುಗಳನ್ನು ಪ್ರೀತಿಸುವ, ಗುರಿಯತ್ತ ಸದಾ ಧಾವಿಸುವ ಉತ್ಸಾಹಿ” ಎಂಬುದು ಮೊದಲ ಸಾಲು. ತಾಳ್ಮೆಗೆ ನಾಲ್ಕು ನಕ್ಷತ್ರ, ಮಾತುಗಾರಿಕೆಗೆ ಐದು. ಹವ್ಯಾಸದ ಜಾಗದಲ್ಲಿ ಈಜು ಎಂದಿತ್ತು.

ಹೆಂಡತಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮೊಣಕಾಲುದ್ದ ನೀರಿಗೇ ಹೆದರ್ತೀರಿ ನೀವು! ಈ ಉತ್ಸಾಹಿ ಯಾರೋ ಸಿಕ್ಕಿದ್ರೆ ನನಗೂ ತೋರ್ಸಿ.”

ಆದರೂ ಬೇರೆ ದಾರಿ ಕಾಣದೆ ಅದನ್ನೇ ಎಲ್ಲ ಕಡೆಗೂ ಕಳಿಸಿದ. ಒಂದು ತಿಂಗಳು ಕಳೆಯಿತು, ಮತ್ತೊಂದೂ ಕಳೆಯಿತು. ಬೇಕಿಲ್ಲ ಎಂದು ಹೇಳುವಷ್ಟು ಕೂಡ ಯಾರೂ ಉತ್ತರ ಬರೆಯಲಿಲ್ಲ. ಮೌನಿ ಮನೆಯ ಬಾಗಿಲುಗಳ ಕೀಲಿಗೆಲ್ಲ ಎಣ್ಣೆ ಬಿಟ್ಟ, ನಲ್ಲಿಗಳ ವಾಷರ್ ಬದಲಿಸಿದ, ಕೊನೆಗೆ ಚೆನ್ನಾಗಿಯೇ ಇದ್ದ ಮಿಕ್ಸರನ್ನು ಬಿಚ್ಚಿ ಹಾಕಿದಾಗ ಹೆಂಡತಿಗೆ ರೇಗಿತು. “ಒಂದು ಸಲ ಫೋನಕ್ಕನ ಹತ್ರ ಹೋಗಿ ಬನ್ನಿ. ಅವರಿಗೆ ತೋರಿಸಿ ಅದನ್ನ. ಏನಾದ್ರೂ ದಾರಿ ಹೇಳ್ತಾರೆ.”

ಫೋನಕ್ಕ ಅದೇ ಕಂಪನಿಯಲ್ಲಿ ಫೋನ್ ನೋಡಿಕೊಳ್ಳುತ್ತಿದ್ದವಳು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಕೆಂಪು ಗುಂಡಿ ಒತ್ತಿದರೆ ಮೊದಲು ಕೇಳುವುದು ಆಕೆಯ ಧ್ವನಿ. ಮೌನಿ ಆಕೆಯನ್ನು ಅಕ್ಕ ಎನ್ನುತ್ತಿದ್ದ, ಆಕೆ ಅವನನ್ನು ಅಣ್ಣ ಎನ್ನುತ್ತಿದ್ದಳು. ಇಬ್ಬರಲ್ಲಿ ಯಾರು ದೊಡ್ಡವರೆಂದು ಯಾರೂ ವಿಚಾರಿಸಿರಲಿಲ್ಲ.

ಅವಳ ಮನೆ ಎರಡನೇ ಮಹಡಿಯಲ್ಲಿತ್ತು. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಇನ್ನೊಂದು ತುದಿಯಲ್ಲಿ ಕುಳಿತು ಫೋನಕ್ಕ ಮೂರು ಪುಟವನ್ನೂ ನಿಧಾನವಾಗಿ ಓದಿದಳು. ನಗಲಿಲ್ಲ. ಓದಿ ಮುಗಿಸಿ, ಹಾಳೆಗಳನ್ನು ಮಗುಚಿ ಇಟ್ಟು, ಅವುಗಳ ಬೆನ್ನ ಮೇಲೆ ಬರೆಯಲು ಪೆನ್ನು ತೆಗೆದಳು.

“ಇದನ್ನ ಬಿಡಿ ಅಣ್ಣ. ಆ ವಿಮಾ ಕಚೇರಿ ಕಟ್ಟಡ ನೆನಪಿದೆಯಾ? ಪ್ರತಿ ಸೋಮವಾರ ಬೆಳಿಗ್ಗೆ ಬಾಗಿಲು ಮುಚ್ತಿಲ್ಲ ಅಂತ ಬೊಬ್ಬೆ ಹೊಡೀತಿದ್ರು. ಆಮೇಲೆ ಒಂದಿನ ಆ ಫೋನ್ ನಿಂತೇಹೋಯ್ತು. ಯಾಕೆ?”

ಮೌನಿ ಕತ್ತು ಕೆರೆದುಕೊಂಡ. “ಅದಾ… ಭಾನುವಾರ ನೆಲ ತೊಳೀತಿದ್ರು. ಮರಳು, ಕಸ ಎಲ್ಲ ನೀರಿನ ಜೊತೆ ಬಂದು ಬಾಗಿಲು ಜಾರೋ ಸಂದಿಯಲ್ಲಿ ಕೂರ್ತಿತ್ತು.”

“ಅದು ನಿಮಗೆ ಹೇಗೆ ಗೊತ್ತಾಯ್ತು?”

“ಒಂದು ಭಾನುವಾರ ಹೋಗಿ ನೋಡ್ದೆ.”

“ರಜಾ ದಿನ?”

“ಹೂಂ. ಆಮೇಲೆ ತೊಳೆಯೋ ಹೆಂಗಸರಿಗೆ ಒಂದು ಸಣ್ಣ ಬ್ರಷ್ ಕೊಟ್ಟೆ. ತೊಳೆದಾದ ಮೇಲೆ ಸಂದಿಯಲ್ಲಿ ಹೀಗೆ ಎಳೆದುಬಿಡಿ ಅಂತ ತೋರಿಸ್ದೆ. ಅಷ್ಟೇ.”

“ಅಷ್ಟೇ ಅಂತೆ!” ಎಂದರು ಅತ್ತೆ, ಬಟಾಣಿಯಿಂದ ತಲೆ ಎತ್ತದೆ.

ಫೋನಕ್ಕ ಬಿಡಲಿಲ್ಲ. ಧ್ವನಿ ಏರಿಸದೆ, ಅವಸರ ಮಾಡದೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು. ಕೆಲಸ ಕಲಿಸಿದ್ದು ಯಾರ್‍ಯಾರಿಗೆ, ಅವರೆಲ್ಲ ಈಗ ಎಲ್ಲಿದ್ದಾರೆ, ಬಿಡಿಭಾಗ ಸಿಗದ ಹಳೇ ಲಿಫ್ಟನ್ನು ಅಷ್ಟು ವರ್ಷ ಹೇಗೆ ಓಡಿಸಿದಿರಿ. ಅವನು ಎರಡು ಮಾತಿನಲ್ಲಿ ಮುಗಿಸಲು ನೋಡಿದರೆ, “ಆಮೇಲೆ?” ಎನ್ನುತ್ತಿದ್ದಳು. ಆ ಒಂದು ಮಾತಿಗೆ ಮೌನಿಯ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಬರುತ್ತಿತ್ತು. ತಾನು ಇಷ್ಟೆಲ್ಲ ಮಾಡಿದ್ದೇನೆಯೇ ಎಂದು ಅವನಿಗೇ ಆಶ್ಚರ್ಯವಾಯಿತು.

“ನೋಡಿ, ಇದನ್ನ ಓದೋರ ಮುಂದೆ ಇಂಥ ರಾಶಿ ಬಿದ್ದಿರುತ್ತೆ,” ಎಂದಳು ಕೊನೆಗೆ. “ಉತ್ಸಾಹಿ, ಶ್ರಮಜೀವಿ ಅಂತ ಎಲ್ಲರೂ ಬರೀತಾರೆ. ಓದೋರ ಕಣ್ಣು ಅದರ ಮೇಲೆ ನಿಲ್ಲಲ್ಲ. ಏನು ತೊಂದ್ರೆ ಇತ್ತು, ನೀವೇನು ಮಾಡಿದ್ರಿ, ಅದರಿಂದ ಏನಾಯ್ತು, ಅಷ್ಟು ಹೇಳಿ. ಪೇಪರಿನಲ್ಲಿ ಒಂದು ಆಸ್ಪತ್ರೆಯ ಜಾಹೀರಾತು ಬಂದಿದೆ, ಲಿಫ್ಟ್ ಕೆಡದ ಹಾಗೆ ನೋಡ್ಕೊಳ್ಳೋರು ಬೇಕು ಅಂದಿದ್ದಾರೆ. ಹಾಗಿದ್ರೆ ಸೋಮವಾರದ ವಿಷಯ ಎಲ್ಲಕ್ಕಿಂತ ಮೇಲೆ ಬರ್ಬೇಕು. ಬೇರೆ ಕಡೆ ಹೊಸ ಲಿಫ್ಟ್ ಕೂರಿಸೋರು ಬೇಕು ಅಂದ್ರೆ ಆಗ ಬೇರೆಯದನ್ನ ಮೇಲೆ ತನ್ನಿ. ಒಂದೇ ಹಾಳೆಯನ್ನ ಊರಿಗೆಲ್ಲ ಹಂಚಬೇಡಿ.”

“ಈಜು?”

“ಈಜು ಬೇಡ,” ಎಂದಳು. ಈಗ ಮಾತ್ರ ನಕ್ಕಳು.

ಹೊಸ ರೆಸ್ಯೂಮೆ ಒಂದೇ ಪುಟದ್ದಾಯಿತು. ಫೋಟೋ ಇಲ್ಲ, ನಕ್ಷತ್ರವಿಲ್ಲ. ಮೌನಿ ಓದಿ ನೋಡಿದ. ಅದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ, ಒಂದು ಪದಕ್ಕೂ ನಾಚಿಕೊಳ್ಳಬೇಕಿರಲಿಲ್ಲ.

ಆಸ್ಪತ್ರೆಯಿಂದ ಕರೆ ಬಂತು. ಸಂದರ್ಶನಕ್ಕೆ ಕೂತ ಇಂಜಿನಿಯರಮ್ಮ ಕನ್ನಡಕ ಮೇಲಕ್ಕೆತ್ತಿ, “ಈ ಬ್ರಷ್ ವಿಷಯ ಸ್ವಲ್ಪ ಹೇಳಿ,” ಎಂದರು. ಕಂಠಪಾಠ ಮಾಡಿದ ಉತ್ತರವಾಗಿದ್ದರೆ ಮೌನಿ ತಡವರಿಸುತ್ತಿದ್ದ. ಆದರೆ ಇದು ಅವನ ಕೈಯಾರೆ ನಡೆದದ್ದು. ಹೇಳಿದ. ಮುಂದಿನ ವಾರವೇ ಕೆಲಸಕ್ಕೆ ಬನ್ನಿ ಎಂದರು.

ಸುದ್ದಿ ಹೇಳಲು ಮತ್ತೆ ಆ ಎರಡನೇ ಮಹಡಿಗೆ ಓಡಿದ. ಫೋನಕ್ಕ ಮನೆಯಲ್ಲೇ ಇದ್ದಳು. ಹಗಲು ಹೊತ್ತಿನಲ್ಲಿ, ಕೆಲಸದ ದಿನ. ಆಗ ಅವನಿಗೆ ಹೊಳೆಯಿತು. ಇಷ್ಟು ದಿನ ತನ್ನದೇ ಚಿಂತೆಯಲ್ಲಿ, ಆಕೆಗೆ ಕೆಲಸ ಸಿಕ್ಕಿತೇ ಎಂದು ಕೇಳಿಯೇ ಇರಲಿಲ್ಲ.

“ನಿಮ್ಮದು ಏನಾಯ್ತು ಅಕ್ಕ?”

“ನನ್ನದೇನಿದೆ, ಕಳಿಸ್ತಾ ಇದ್ದೀನಿ,” ಎಂದಳು ಬೇರೆಲ್ಲೋ ನೋಡುತ್ತ.

“ತೋರಿಸಿ.”

ತೋರಿಸಿದಳು. ಮೌನಿ ಕಣ್ಣು ಬಾಯಿ ಬಿಟ್ಟು ನೋಡಿದ. ಹೆಸರು, ವಿಳಾಸ, ಆಮೇಲೆ ಒಂದೇ ಸಾಲು: ಟೆಲಿಫೋನ್ ಆಪರೇಟರ್, ಕರೆ ಸ್ವೀಕರಿಸುವುದು ಮತ್ತು ದಾಖಲಿಸುವುದು. ತನ್ನಂಥವನ ಹೊಟ್ಟೆಯಿಂದ ಅಷ್ಟು ಮಾತು ತೆಗೆದವಳು ತನ್ನ ಬಗ್ಗೆ ಬರೆದುಕೊಂಡದ್ದು ಇಷ್ಟೇ!

“ಇದು ಯಾರು ಬೇಕಾದ್ರೂ ಬರೀಬಹುದಲ್ಲ ಅಕ್ಕ.”

“ಇರೋದೇ ಅಷ್ಟಲ್ವಾ ಅಣ್ಣ? ನೀವು ಬಾಗಿಲು ತೆಗೀತಿದ್ರಿ, ಜನಗಳನ್ನ ಹೊರಗೆ ತರ್ತಿದ್ರಿ. ನಾನು ಕೂತು ಮಾತಾಡಿದೆ.”

ಮೌನಿ ಮೇಜಿನ ಮುಂದೆ ಕೂತ, ಪೆನ್ನು ಎತ್ತಿಕೊಂಡ. ಪ್ರಶ್ನೆ ಕೇಳುವುದು ಅವನಿಗೆ ಬಾರದು. ಕಂಡದ್ದನ್ನು ಹೇಳಬಲ್ಲ. ಹಾಗಾಗಿ ಹೇಳತೊಡಗಿದ.

ದೊಡ್ಡ ಆಫೀಸು ಕಟ್ಟಡವೊಂದರಲ್ಲಿ ಒಂದು ಗುಂಪು ಸಿಕ್ಕಿಬಿದ್ದಿತ್ತು. ಒಳಗಿನವರು ಮೈಮೇಲೆ ಬೀಳುತ್ತಾರೆಂದೇ ಅವನು ಹೆದರುತ್ತ ಬಾಗಿಲು ಸರಿಸಿದ್ದ. ನೋಡಿದರೆ ಎಲ್ಲರೂ ನೆಲದ ಮೇಲೆ ಕೂತು ತಮ್ಮ ತಮ್ಮ ಶಾಲೆಯ ಮೇಷ್ಟರ ಕಥೆ ಹೇಳುತ್ತಿದ್ದರು. “ಸ್ವಲ್ಪ ಇರಿ, ಇವರದೊಂದು ಮುಗೀಲಿ,” ಎಂದು ಅವನನ್ನೇ ಕಾಯಿಸಿದ್ದರು. ಕಥೆ ಶುರು ಮಾಡಿಸಿದ್ದು ಫೋನಕ್ಕ. ಇನ್ನೊಮ್ಮೆ, ಮುಚ್ಚಿದ ಜಾಗವೆಂದರೆ ಜೀವ ಬಾಯಿಗೆ ಬರುವ ಒಬ್ಬ ಗಡವ ಆಸಾಮಿ. ಲಿಫ್ಟಿನ ಗೋಡೆಯ ಫಲಕವನ್ನು ಕೊನೆಯ ಅಕ್ಷರದಿಂದ ಹಿಂದುಮುಂದಾಗಿ ಓದಿಸುತ್ತ ಅವನನ್ನು ಹಿಡಿದಿಟ್ಟಿದ್ದಳು. ಅಲ್ಲದೆ ಫೋನಿನಲ್ಲಿ ಹಿಂದಿನಿಂದ ಬರುವ ಸದ್ದು ಕೇಳಿಯೇ, “ಮೋಟಾರ್ ತಿರುಗ್ತಾ ಇದೆ ಅಣ್ಣ, ಬಾಗಿಲದ್ದೇ ತೊಂದ್ರೆ,” ಎನ್ನುತ್ತಿದ್ದಳು. ಅದರಿಂದ ಅವನು ಸಾಮಾನಿಗಾಗಿ ಎರಡನೇ ಸಲ ಮೆಟ್ಟಿಲು ಇಳಿದದ್ದು ಅಪರೂಪ.

“ಆಮೇಲೆ ಆ ಬಿರುಗಾಳಿ ದಿನ,” ಎಂದ.

ಫೋನಕ್ಕನ ಮುಖ ಸಪ್ಪಗಾಯಿತು. “ಅದು ಬೇಡ ಅಣ್ಣ. ಅವತ್ತಿನದಕ್ಕೆ ಮ್ಯಾನೇಜರ್ ಎಲ್ಲರ ಮುಂದೆ ನನಗೆ ಛೀಮಾರಿ ಹಾಕಿದ್ರಲ್ಲ.”

ಅಂದು ಊರಿಗೆ ಊರೇ ಕರೆಂಟು ಹೋಗಿತ್ತು. ಎಲ್ಲ ಕಡೆಯಿಂದ ಒಟ್ಟಿಗೇ ಫೋನು. ಬ್ಯಾಂಕಿನ ದೊಡ್ಡ ಅಧಿಕಾರಿಗಳು ಸಿಕ್ಕಿಬಿದ್ದು ಕೂಗಾಡುತ್ತಿದ್ದರು. ಅವರನ್ನು ಕಾಯಿಸಿ, ಫೋನಕ್ಕ ಮೌನಿಯನ್ನು ಒಂದು ಹಳೇ ವಸತಿ ಕಟ್ಟಡಕ್ಕೆ ಕಳಿಸಿದ್ದಳು. ಬ್ಯಾಂಕಿನವರು ಮಾರನೆಯ ದಿನವೇ ಒಪ್ಪಂದ ರದ್ದು ಮಾಡಿದ್ದರು.

“ಆ ಹಳೇ ಕಟ್ಟಡಕ್ಕೇ ಯಾಕೆ ಮೊದಲು ಕಳಿಸಿದ್ರಿ?”

“ಅಲ್ಲಿ ಒಬ್ಬರೇ ಇದ್ರು. ವಯಸ್ಸಾದೋರು. ಏನೂ ತೊಂದ್ರೆ ಇಲ್ಲಮ್ಮ, ನಿಧಾನಕ್ಕೆ ಬನ್ನಿ ಅಂದ್ರು. ಆದ್ರೆ ಒಂದೊಂದು ಪದಕ್ಕೂ ಉಸಿರು ತಗೋತಿದ್ರು. ನನಗೆ ಯಾಕೋ ಸಮಾಧಾನ ಆಗ್ಲಿಲ್ಲ.”

ಮೌನಿ ಪೆನ್ನು ಕೆಳಗಿಟ್ಟ. “ಬಾಗಿಲು ತೆಗೆದಾಗ ಅವರ ತುಟಿ ನೀಲಿಯಾಗಿತ್ತು ಅಕ್ಕ. ಹೊತ್ತುಕೊಂಡು ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸ್ದೆ. ಇನ್ನೊಂದು ಸ್ವಲ್ಪ ತಡ ಆಗಿದ್ರೆ ಕೈ ಬಿಟ್ಟುಹೋಗ್ತಿದ್ರು ಅಂದ್ರು ಡಾಕ್ಟರು.”

ಮೇಜಿನ ಆ ತುದಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಫೋನಕ್ಕ ಅವನನ್ನೇ ನೋಡಿದಳು. “ನನಗೆ ಯಾರೂ ಹೇಳ್ಲೇ ಇಲ್ಲ.”

“ನಾನೇ ಹೇಳ್ಬೇಕಿತ್ತು. ಕಾರ್ಡಿನ ಮೇಲೆ ಸರಿಯಾಗಿದೆ ಅಂತ ಬರೆದು ಹೋದೆ.”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎದ್ದು ಹೋಗಿ ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದಳು. ಆ ಛೀಮಾರಿಯನ್ನು ಆಕೆ ಇಷ್ಟು ವರ್ಷ ಮನಸ್ಸಿನಲ್ಲಿ ಹೊತ್ತಿದ್ದಳೆಂದು ಮೌನಿಗೆ ಆಗಲೇ ತಿಳಿದದ್ದು.

“ಇದನ್ನ ಬರೀಲೇಬೇಕು,” ಎಂದ.

“ಜಂಬ ಕೊಚ್ಚಿಕೊಂಡ ಹಾಗಾಗಲ್ವಾ?”

“ಇವನ ಬ್ರಷ್ಷಿಗೆ ಆಗದ ಜಂಬ ನಿನ್ನ ಈ ಕೆಲಸಕ್ಕೆ ಯಾಕೆ?” ಎಂದರು ಅತ್ತೆ, ಅವನ ಬಾಯಿಂದ ಮಾತು ಕಸಿದುಕೊಂಡವರಂತೆ. “ಬರ್ಕೊಳ್ಳಪ್ಪ ನೀನು. ಇವಳ ಮಾತು ಕೇಳ್ಬೇಡ.”

ಮೌನಿ ಬರೆದುಕೊಂಡ. ಬರೆದದ್ದಕ್ಕೆ ಆಧಾರವೂ ಬೇಕೆಂದು ಮಾರನೆಯ ದಿನ ಆ ಹಳೇ ಕಟ್ಟಡಕ್ಕೆ ಹೋದ. ಮುದುಕರು ಗಟ್ಟಿಮುಟ್ಟಾಗಿದ್ದರು. ಪಿಟೀಲು ಕಲಿಸುತ್ತಿದ್ದವರಂತೆ. ಬಾಗಿಲಲ್ಲಿ ನಿಂತವನು ಯಾರೆಂದು ಅವರಿಗೆ ಗುರುತು ಹತ್ತಲಿಲ್ಲ, ಆದರೆ ಫೋನಿನ ಹೆಂಗಸು ಎಂದ ಕೂಡಲೇ ಮುಖ ಅರಳಿತು.

“ಆ ಧ್ವನಿಯಾ? ನನಗೆ ಉಸಿರಿನ ಲೆಕ್ಕ ಹಾಕಿಕೊಟ್ಟೋರು ಅವರು. ತಾಳ ತಪ್ಪಬಾರದು ಮೇಷ್ಟ್ರೇ ಅಂತ ನನಗೇ ಹೇಳಿದ್ರು! ಯಾರು ಬೇಕಾದ್ರೂ ಫೋನ್ ಮಾಡ್ಲಿ, ನಾನು ಹೇಳ್ತೀನಿ.” ತಮ್ಮ ನಂಬರನ್ನು ತಾವೇ ದಪ್ಪಕ್ಷರದಲ್ಲಿ ಬರೆದುಕೊಟ್ಟರು.

ಇಬ್ಬರೂ ಸೇರಿ ಆ ವಾರ ಒಂದು ಪುಟ ಸಿದ್ಧ ಮಾಡಿದರು. “ಟೆಲಿಫೋನ್ ಆಪರೇಟರ್” ಎಂಬುದು ಹುದ್ದೆಯ ಹೆಸರಾಗಿ ಉಳಿಯಿತು. ಅದರ ಕೆಳಗೆ ಆಕೆ ನಿಜವಾಗಿ ಮಾಡಿದ್ದೆಲ್ಲ ಬಂತು. ಒಟ್ಟಿಗೆ ಬಂದ ಕರೆಗಳಲ್ಲಿ ಯಾವುದು ಮೊದಲೆಂದು ತೀರ್ಮಾನಿಸಿದ್ದು, ಗಾಬರಿಯಾದವರನ್ನು ಸಹಾಯ ಬರುವವರೆಗೂ ಮಾತಿನಲ್ಲಿ ಹಿಡಿದಿಟ್ಟದ್ದು, ಬಿರುಗಾಳಿಯ ದಿನ ಒಂದು ಜೀವ ಉಳಿದದ್ದು. ಬ್ಯಾಂಕಿನ ಒಪ್ಪಂದ ಹೋದದ್ದನ್ನೂ ಬರೆಯೋಣವೇ ಎಂದು ಫೋನಕ್ಕ ಕೇಳಿದಳು. “ಕೇಳಿದ್ರೆ ಹೇಳಿ, ಮುಚ್ಚಿಡಬೇಡಿ. ಬರೆಯೋಕೆ ಜಾಗ ಇಲ್ಲ,” ಎಂದ ಮೌನಿ.

ಎರಡು ಕಡೆಯಿಂದ ಉತ್ತರ ಬರಲಿಲ್ಲ. ಮೂರನೆಯದು ಆಂಬ್ಯುಲೆನ್ಸ್ ಕಂಟ್ರೋಲ್ ರೂಮು. ಅಲ್ಲಿನ ಮೇಲ್ವಿಚಾರಕರು ಸಂದರ್ಶನಕ್ಕೆ ಮೊದಲೇ ಪಿಟೀಲು ಮೇಷ್ಟರಿಗೆ ಫೋನ್ ಮಾಡಿದ್ದರಂತೆ. ಮೇಷ್ಟರು ಅರ್ಧ ಗಂಟೆ ಬಿಡಲಿಲ್ಲವಂತೆ. ಸಂದರ್ಶನದಲ್ಲಿ ಬ್ಯಾಂಕಿನ ವಿಷಯವನ್ನು ಫೋನಕ್ಕ ತಾನಾಗಿಯೇ ಹೇಳಿದಾಗ ಮೇಲ್ವಿಚಾರಕರು, “ಇಲ್ಲಿ ಅಂಥ ತೀರ್ಮಾನ ದಿನಾ ಮಾಡ್ಬೇಕಾಗುತ್ತೆ, ಛೀಮಾರಿ ಯಾರೂ ಹಾಕಲ್ಲ,” ಎಂದರಂತೆ. ಆರು ತಿಂಗಳು ತರಬೇತಿಯೆಂದು ಸೇರಿಸಿಕೊಂಡವರು ಎರಡೇ ತಿಂಗಳಿಗೆ ಖಾಯಂ ಮಾಡಿದರು.

ಮೌನಿ ಈಗ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುತ್ತಾನೆ. ಮೊನ್ನೆ ಸ್ಟ್ರೆಚರ್ ಲಿಫ್ಟಿನ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದಾಗ ಆಂಬ್ಯುಲೆನ್ಸಿನ ಡ್ರೈವರ್ ಒಬ್ಬ ಗೋಡೆಗೊರಗಿ ಟೀ ಕುಡಿಯುತ್ತ ಜೊತೆಯವನಿಗೆ ಹೇಳುತ್ತಿದ್ದ.

“ಕಂಟ್ರೋಲ್ ರೂಮಿಗೆ ಹೊಸದಾಗಿ ಒಬ್ಬರು ಬಂದಿದ್ದಾರೆ ನೋಡು. ಮೊದಲೆಲ್ಲ ನಾವು ಹೋಗೋ ಹೊತ್ತಿಗೆ ಮನೆ ತುಂಬಾ ಅಳು, ಕೂಗು. ಈಗ ಬಾಗಿಲು ತೆಗೆದಿಟ್ಟಿರ್ತಾರೆ, ಮೆಟ್ಟಿಲ ಮೇಲಿನ ಸಾಮಾನು ಸರಿಸಿರ್ತಾರೆ, ರೋಗಿ ಯಾವ ಮಾತ್ರೆ ತಗೋತಾರೆ ಅಂತ ಚೀಟಿ ಕೈಗೆ ಕೊಡ್ತಾರೆ. ಎಲ್ಲ ಆಯಮ್ಮ ಫೋನಲ್ಲೇ ಮಾಡಿಸಿರ್ತಾರೆ. ಮೊದಲು ಎಲ್ಲಿದ್ರೋ ಏನೋ!”

“ಲಿಫ್ಟ್ ಕಂಪನಿಯಲ್ಲಿ,” ಎಂದ ಮೌನಿ. ಎಣ್ಣೆಯ ಡಬ್ಬಿ ಕೆಳಗಿಟ್ಟು, ಕೈ ಒರೆಸಿಕೊಂಡು, ಅವರ ಪಕ್ಕಕ್ಕೆ ಹೋಗಿ ನಿಂತ.