ಅಂಗಿ ಗುಂಡಿ ಹುಡುಕುವವರು

“ಏಳೇ ಮುಂಡೆ, ಮೇಜಿನಡಿ ಕೂತು ಮೊಟ್ಟೆ ಇಡ್ತಿದೀಯಾ?”

ಸೂಪರ್‌ವೈಸರ್ ಬಗ್ಗಿ ನೋಡಿದಾಗ ನಾನು ಇಸ್ತ್ರಿ ಮೇಜಿನ ಕೆಳಗೆ ಚಕ್ಕಂಬಕ್ಕಳ ಹಾಕಿ ಕೂತಿದ್ದೆ. ಅವನ ದನಿ ಕೇಳಿದ್ದೇ ಮಂಡಿಯೂರಿ ನೆಲ ತಡವತೊಡಗಿದೆ.

“ಗುಂಡಿ ಬಿದ್ದೋಯ್ತು ಸಾರ್. ಅಂಗಿ ಗುಂಡಿ. ಹುಡುಕ್ತಿದೀನಿ.”

“ಬೆಳಗ್ಗಿಂದ ಇದು ನಾಲ್ಕನೇ ಗುಂಡಿ! ಈ ಹೋಟ್ಲಿನ ಅಂಗಿಗಳು ಗುಂಡಿ ಉದುರಿಸ್ಕೊಳ್ಳೋಕೇ ಇಲ್ಲಿಗೆ ಬರ್ತವಾ?”

“ದಾರ ಸರಿಯಿಲ್ಲ ಸಾರ್,” ಎಂದಳು ರೋಲರ್ ಯಂತ್ರದ ಮುಂದೆ ನಿಂತಿದ್ದ ದೊಡ್ಡಮ್ಮ, ತಲೆ ಎತ್ತದೆ. “ಈಗಿನ ಕಾಲದ ದಾರ. ಈಗಿನ ಕಾಲದ ಸೂಪರ್‌ವೈಸರ್‌ಗಳ ಥರಾನೇ. ಒಂಚೂರು ಎಳೆದ್ರೆ ಕಿತ್ಕೊಂಡ್ ಬರುತ್ತೆ.”

ಯಾರನ್ನು ಬೈಯಬೇಕೆಂದು ತೋಚದೆ ಅವನು ಇಬ್ಬರಿಗೂ ಅಮ್ಮ ಅಜ್ಜಿಯರನ್ನು ಸೇರಿಸಿ ಬೈದು ಹೋದ. ಅವನಿಗೆ ನಾವಿಟ್ಟ ಹೆಸರು ಗಂಜಿ. ಗಂಜಿ ಹಾಕಿದ ಕಾಲರಿನ ಹಾಗೆ ದಿನವಿಡೀ ಸೆಟೆದುಕೊಂಡಿರುತ್ತಿದ್ದ. ಲಾಂಡ್ರಿಯ ಸಾಹುಕಾರರು ಬಂದರೆ ಮಾತ್ರ ನೀರಿಗೆ ಅದ್ದಿದವನಂತೆ ಮೆತ್ತಗಾಗುತ್ತಿದ್ದ.

ಊರಿನ ದೊಡ್ಡ ಹೋಟೆಲುಗಳ ಬಟ್ಟೆಯೆಲ್ಲ ನಮ್ಮ ಲಾಂಡ್ರಿಗೆ ಬರುತ್ತಿತ್ತು. ಕೆಳಗೆ ಒಗೆಯುವವರು, ಮೇಲಿನ ಕೋಣೆಯಲ್ಲಿ ಇಸ್ತ್ರಿ ಹಾಕುವ ನಾವು ಎಂಟು ಹೆಂಗಸರು. ಆರು ಜನ ಮೇಜಿಗೆ, ಇಬ್ಬರು ಸರದಿಯ ಮೇಲೆ ಕಾದ ರೋಲರಿಗೆ. ಆ ಯಂತ್ರ ಬೆಡ್‌ಶೀಟನ್ನು ಒಂದು ಕಡೆ ನುಂಗಿ ಇನ್ನೊಂದು ಕಡೆ ಗೆರೆಯಿಲ್ಲದಂತೆ ಉಗುಳುತ್ತಿತ್ತು. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಯಾರೂ ಕೂರುವಂತಿಲ್ಲ. ಕೂತರೆ ಕೈ ನಿಧಾನವಾಗುತ್ತದೆ ಎಂಬುದು ಸಾಹುಕಾರರ ಸಂಶೋಧನೆ. ಅದನ್ನು ಅವರು ಕೂತುಕೊಂಡೇ ಕಂಡುಹಿಡಿದಿದ್ದರು.

ಹಾಗಾಗಿ ಕೋಣೆಯಲ್ಲಿ ಕುಂಡೆ ಊರುವಂಥ ಒಂದು ವಸ್ತುವೂ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಮೊಳೆಗಳನ್ನು ತಲೆಕೆಳಗಾಗಿ ಹೊಡೆಸಿದ್ದರು. ಬಕೆಟ್ ಬೋರಲು ಹಾಕಿದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಬಸುರಿಯರಿಗೂ ಅದೇ ಕಾನೂನು, ಬಾಣಂತಿಯರಿಗೂ ಅದೇ.

ಗುಂಡಿಯ ಉಪಾಯ ದೊಡ್ಡಮ್ಮನದು. ಅವಳ ಸೆರಗಿನ ತುದಿಯಲ್ಲಿ ಒಂದು ಬಿಳಿ ಗುಂಡಿ ಗಂಟು ಹಾಕಿಕೊಂಡಿರುತ್ತಿತ್ತು. ಯಾರ ಕಾಲು ಸೋತಿದೆಯೆಂದು ಅವರ ಮುಖ ನೋಡಿಯೇ ಹೇಳುತ್ತಿದ್ದಳು. ಗುಂಡಿಯನ್ನು ಟಿಣ್ಣೆಂದು ನೆಲಕ್ಕೆ ಬಿಟ್ಟು, “ಅಯ್ಯೋ, ಗುಂಡಿ ಬಿತ್ತು ಕಣ್ರೇ,” ಎನ್ನುತ್ತಿದ್ದಳು. ಸರದಿ ಇದ್ದವಳು ಹುಡುಕುವ ನೆವದಲ್ಲಿ ಮೇಜಿನಡಿ ನುಗ್ಗಿ ಐದು ನಿಮಿಷ ಕೂರುತ್ತಿದ್ದಳು. ಆರು ವರ್ಷ ಅದೇ ಒಂದು ಗುಂಡಿಯನ್ನು ನಾವು ಹುಡುಕಿದ್ದೇವೆ.

ಆ ದಿನ ನಾಲ್ಕನೇ ಸರದಿ ನನ್ನದಲ್ಲ, ದೊಡ್ಡಮ್ಮನದು. ಅವಳ ಮುಖ ಬೆಳಗ್ಗೆಯೇ ಬಿಳಿಚಿಕೊಂಡಿತ್ತು. ಆದರೆ ಗುಂಡಿ ನನ್ನ ಮೇಜಿನ ಹತ್ತಿರ ಉರುಳಿ ಬಂತು, ನನ್ನ ಮೀನಖಂಡದ ನರಗಳು ಹಗ್ಗದಂತೆ ಗಂಟು ಕಟ್ಟಿದ್ದವು, ನಾನು ಕೆಳಗೆ ನುಗ್ಗಿಬಿಟ್ಟೆ. ಗಂಜಿ ಬೈದು ಹೋದ ಮೇಲಾದರೂ ಎದ್ದು, ಬಾ ದೊಡ್ಡಮ್ಮ ಅನ್ನಬಹುದಿತ್ತು. ಗುಂಡಿಯನ್ನು ಅವಳ ಕಡೆ ಉರುಳಿಸಿ, ಇನ್ನೆರಡು ನಿಮಿಷ ಎಂದು ಮತ್ತೆ ಕೂತೆ. ಅವಳು ಅದನ್ನೆತ್ತಿ ಸೆರಗಿಗೆ ಗಂಟು ಹಾಕಿಕೊಂಡಳು. ಎರಡನೇ ನಿಮಿಷಕ್ಕೆ ಬೆಡ್‌ಶೀಟಿನ ಜೊತೆ ಅವಳೂ ಮುಂದಕ್ಕೆ ವಾಲಿದಳು.

ಯಾರೋ ಯಂತ್ರ ನಿಲ್ಲಿಸಿದರು. ಅಷ್ಟರಲ್ಲಿ ಬಲಗೈಯ ಬೆರಳಿನಿಂದ ಮುಂಗೈಯವರೆಗೆ ಚರ್ಮ ಸುಲಿದುಹೋಗಿತ್ತು. ಆ ವಾಸನೆಯನ್ನು ಬರೆಯಲಾರೆ. ಓಡಿ ಬಂದ ಗಂಜಿ ಮೊದಲು ಬೆಡ್‌ಶೀಟ್ ನೋಡಿದ.

ಮರುವಾರ ಸರ್ಕಾರದ ಆಫೀಸರು ವಿಚಾರಣೆಗೆ ಬರುತ್ತಾರೆಂದು ಸುದ್ದಿಯಾಯಿತು. ತಪ್ಪು ಲಾಂಡ್ರಿಯದಾದರೆ ದೊಡ್ಡಮ್ಮನ ಆಸ್ಪತ್ರೆ ಖರ್ಚು ಸಾಹುಕಾರರ ತಲೆಗೆ, ಕೆಲಸವೂ ಉಳಿಯುತ್ತದೆ. ತಪ್ಪು ಅವಳದಾದರೆ ಕೈಯೂ ಇಲ್ಲ, ಕೆಲಸವೂ ಇಲ್ಲ. ಗಂಜಿ ನನ್ನನ್ನು ತನ್ನ ರೂಮಿಗೆ ಕರೆದು ಬಾಗಿಲು ಹಾಕಿದ. ಅವನು ಕುರ್ಚಿಯಲ್ಲಿದ್ದ, ನಾನು ಎಂದಿನಂತೆ ನಿಂತಿದ್ದೆ.

“ನೋಡು, ನೀನು ಬುದ್ಧಿವಂತೆ. ‘ಹರಟೆ ಹೊಡೀತಾ ಮೈಮರೆತಿದ್ಲು, ಸೂಪರ್‌ವೈಸರ್ ಎರಡು ಸಲ ಎಚ್ಚರಿಸಿದ್ರು.’ ಇಷ್ಟು ಹೇಳು, ಸಾಕು.”

“ಹೇಳಿದ್ರೆ?”

“ಒಂದು ಸ್ಟೂಲು ತರಿಸ್ತಿದೀನಿ. ನಿನ್ನ ಮೇಜಿನ ಹಿಂದೆ ಹಾಕಿಸ್ತೀನಿ. ಕೂತೇ ಇಸ್ತ್ರಿ ಹಾಕು. ಉಳಿದೋರ ಹತ್ರ ಬಾಯ್ಬಿಡ್ಬೇಡ, ಹೊಟ್ಟೆ ಉರ್ಕೋತಾರೆ.”

ಆಮೇಲೆ ಬಹಳ ಹೊತ್ತು ಯೋಚಿಸಿದೆ ಎಂದು ಬರೆಯಲು ನನಗೂ ಆಸೆ. ಆದರೆ ನಾನು ಕೇಳಿದ್ದು ಒಂದೇ ಪ್ರಶ್ನೆ. “ಬೆನ್ನು ಆನಿಸೋಕೆ ಬರುತ್ತಾ ಸಾರ್?”

“ಸ್ಟೂಲಿಗೆ ಬೆನ್ನು ಎಲ್ಲಿರುತ್ತೆ, ಗೂಬೆ!”

ಇಲ್ಲದಿದ್ದರೂ ಪರವಾಗಿಲ್ಲ ಎಂದು ಒಪ್ಪಿಕೊಂಡು ಬಂದೆ.

ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಕೀಲಿಕೆ ಮಾಡಿದೆ. ದೊಡ್ಡಮ್ಮನಿಗೆ ಹೇಗೂ ವಯಸ್ಸಾಯಿತು. ಇನ್ನೆಷ್ಟು ದಿನ ದುಡಿಯುತ್ತಾಳೆ? ನಾನು ಹೇಳದಿದ್ದರೆ ಇನ್ನೊಬ್ಬಳು ಹೇಳುತ್ತಾಳೆ. ನನಗೆ ಇಬ್ಬರು ಮಕ್ಕಳು. ಇಷ್ಟೆಲ್ಲ ವಾದದ ನಡುವೆ ಕಣ್ಣ ಮುಂದೆ ಇದ್ದದ್ದು ಮಾತ್ರ ಸ್ಟೂಲು. ಅದರ ಮೇಲೆ ಕಾಲು ಆಡಿಸುತ್ತಾ ಕೂತ ನಾನು.

ನನ್ನ ನಾದಿನಿಯೂ ಅದೇ ಕೋಣೆಯಲ್ಲಿ ಪಕ್ಕದ ಮೇಜಿನವಳು. ಮನೆಗೆ ಬಂದರೆ ನನ್ನ ಗಂಡನೆದುರು ನನ್ನ ಮೇಲೆ ಚಾಡಿ ಹೇಳುವುದು ಅವಳ ಮೊದಲ ಕೆಲಸ. ಅಂದು ಬಿಸಿನೀರು ಕಾಯಿಸಿ ತಂದು ನನ್ನ ಮುಂದಿಟ್ಟಳು.

“ಅತ್ತಿಗೆ, ಕಾಲು ಒತ್ಲಾ?”

ಈ ಮನೆ ಸೇರಿ ಹನ್ನೊಂದು ವರ್ಷಕ್ಕೆ ಮೊದಲ ಸಲ ಈ ಮಾತು ಕೇಳಿದ್ದು. ಅವಳು ನನ್ನ ಕಾಲು ಒತ್ತಿದಳು, ನಾನು ಅವಳ ಕಾಲು ಒತ್ತಿದೆ. ಪಾಪದ್ದು, ನಾಳೆ ನಾನು ಕೂತಿರುವಾಗ ಇವಳು ಪಕ್ಕದಲ್ಲೇ ನಿಂತಿರಬೇಕಲ್ಲ ಎಂದು ಇನ್ನೂ ಸ್ವಲ್ಪ ಮೆತ್ತಗೆ ಒತ್ತಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಸ್ತ್ರಿ ಕೋಣೆಯಲ್ಲೂ ಅದೇ ಕಥೆ. ನಮ್ಮಲ್ಲೊಬ್ಬಳಿಗೆ ಬಾಯ್ಬಡ್ಕಿ ಎಂದೇ ಹೆಸರು. ಆ ವಾರ ಅವಳು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದಳು. ಒಬ್ಬರಿಗೊಬ್ಬರು ನೀರು ತಂದುಕೊಟ್ಟೆವು, ಮದುವೆ ಮನೆಯ ಬೀಗರಂತೆ ಉಪಚಾರ ಮಾಡಿಕೊಂಡೆವು. ಗುಂಡಿ ಮಾತ್ರ ಬೀಳಲಿಲ್ಲ. ದೊಡ್ಡಮ್ಮನ ಗುಂಡಿ ಅವಳ ಸೆರಗಿನಲ್ಲೇ ಆಸ್ಪತ್ರೆಗೆ ಹೋಗಿತ್ತು ನಿಜ. ಆದರೆ ಯಾವ ಅಂಗಿಯಿಂದಲಾದರೂ ಒಂದು ಕಿತ್ತುಕೊಳ್ಳಬಹುದಿತ್ತು. ಏಳು ಜನರಲ್ಲಿ ಒಬ್ಬಳೂ ಕೀಳಲಿಲ್ಲ. ನನಗೇನು, ನನ್ನ ಸ್ಟೂಲು ಬರುವುದರಲ್ಲಿದೆ ಎಂದು ನಾನು ಸುಮ್ಮನಿದ್ದೆ. ಉಳಿದವರು ಯಾಕೆ ಸುಮ್ಮನಿದ್ದಾರೆಂದು ಕೇಳಿಕೊಳ್ಳುವಷ್ಟು ಬುದ್ಧಿ ಬರಲಿಲ್ಲ.

ವಿಚಾರಣೆಯ ದಿನ ಬೆಳಗ್ಗೆ ಸ್ಟೂಲು ಬಂತು. ನೀಲಿ ಬಣ್ಣ, ಬಣ್ಣದ ವಾಸನೆಯೂ ಆರಿರಲಿಲ್ಲ. ಗಂಜಿ ಅದನ್ನು ತಂದು ಕೋಣೆಯ ನಡುವೆ ಇಟ್ಟ. ಇಸ್ತ್ರಿ ಪೆಟ್ಟಿಗೆಗಳೆಲ್ಲ ಒಟ್ಟಿಗೆ ನಿಂತವು. ಎಲ್ಲರೂ ನನ್ನ ಅದೃಷ್ಟ ಕಂಡು ಕರುಬುತ್ತಿದ್ದಾರೆಂದು ನಾನು ಸೆರಗು ಸರಿಮಾಡಿಕೊಂಡೆ.

ಆಫೀಸರು ಸಾಹುಕಾರರ ಜೊತೆ ನಗುನಗುತ್ತಾ ಬಂದರು. ಕೋಟು ಬಿಚ್ಚಿ ನನ್ನ ಮೇಜಿನ ಮೇಲೆ ಹಾಕಿದರು.

“ಹೇಗೂ ಬಂದಿದೀನಿ. ಇದಕ್ಕೊಂದು ಇಸ್ತ್ರಿ ಹಾಕ್ಬಿಡಮ್ಮ. ನನ್ನ ಮಗಳ ನಿಶ್ಚಿತಾರ್ಥ ಇದೆ ಸಂಜೆಗೆ.”

ಹೇಳಿ, ಹೋಗಿ, ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು! ಅವರದು ಭರ್ತಿ ಶರೀರ. ಸ್ಟೂಲು ಕಿರ್ರೆಂದಿತು.

ದೊಡ್ಡಮ್ಮನನ್ನೂ ಕರೆಸಿದ್ದರು. ಮೊಣಕೈವರೆಗೆ ಬಟ್ಟೆ ಸುತ್ತಿದ ಕೈಯನ್ನು ಎದೆಗವಚಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಕೂರು ಎಂದು ಯಾರೂ ಹೇಳಲಿಲ್ಲ. ನಮ್ಮನ್ನೆಲ್ಲ ನೋಡಿ ನಕ್ಕಳು. ನಾನು ಕೋಟಿನ ತೋಳು ಬಿಡಿಸುವುದರಲ್ಲಿ ಮುಳುಗಿದೆ.

ಮೊದಲು ಬಾಯ್ಬಡ್ಕಿಯನ್ನು ಕರೆದರು. “ಹರಟೆ ಹೊಡೀತಾ ಮೈಮರೆತಿದ್ಲು ಸಾರ್. ಸೂಪರ್‌ವೈಸರ್ ಎರಡು ಸಲ ಎಚ್ಚರಿಸಿದ್ರು.”

ಇದು ನನ್ನ ಮಾತಲ್ಲವೇ ಎಂದುಕೊಂಡೆ. ಮುಂದಿನವಳು ನಾದಿನಿ.

“ಹರಟೆ ಹೊಡೀತಾ ಮೈಮರೆತಿದ್ಲು ಸಾರ್. ಸೂಪರ್‌ವೈಸರ್ ಎರಡು ಸಲ ಎಚ್ಚರಿಸಿದ್ರು.” ಹೇಳಿ ಮುಗಿಸಿದರೂ ನಾದಿನಿ ಜಾಗ ಬಿಟ್ಟು ಕದಲಲಿಲ್ಲ.

“ಆಯ್ತಲ್ಲಮ್ಮ, ಹೋಗು,” ಎಂದರು ಆಫೀಸರು.

“ಹೋಗ್ತೀನಿ ಸಾರ್. ನೀವು ಸ್ವಲ್ಪ ಏಳ್ತೀರಾ?”

“ಯಾಕೆ?”

“ಅದು ನನ್ನ ಸ್ಟೂಲು. ನನ್ನ ಮೇಜಿನ ಹಿಂದೆ ಹಾಕ್ಕೋಬೇಕು.”

“ಯಾರದೇ ನಿನ್ನ ಸ್ಟೂಲು?” ಬಾಯ್ಬಡ್ಕಿಯ ಬೀಗ ಕಳಚಿತು. “ನಂದು ಅದು! ಇಷ್ಟು ಹೇಳಿದ್ರೆ ನಂಗೇ ಕೊಡ್ತೀನಿ ಅಂತ ಈ ಗಂಜಿ ನನ್ಮಗ ಆಣೆ ಇಟ್ಟಿದಾನೆ!”

“ನಿನಗೆ ಬರೀ ಆಣೆ. ನನಗೆ ಅಳತೇನೂ ಕೇಳಿದ್ರು,” ಎಂದಳು ಮೂಲೆಯಲ್ಲಿದ್ದ ಇನ್ನೊಬ್ಬಳು.

ಮುಂದೆ ಯಾರು ಏನಂದರೋ ನೆನಪಿಲ್ಲ. ಬಾಯ್ಬಡ್ಕಿ ಸ್ಟೂಲಿನ ಒಂದು ಕಾಲು ಹಿಡಿದಳು, ನಾದಿನಿ ಇನ್ನೊಂದು. ಮೇಲೆ ಆಫೀಸರು ತೊಟ್ಟಿಲ ಕೂಸಿನ ಹಾಗೆ ಓಲಾಡುತ್ತಾ “ಬಿಡ್ರಮ್ಮ, ಬಿಡ್ರಮ್ಮ” ಎನ್ನುತ್ತಿದ್ದರು. ನಾನೂ ನನಗೆ ತಿಳಿಯದಂತೆ “ಅತ್ತಿಗೆಗೆ ದ್ರೋಹ ಮಾಡ್ತೀಯೇನೇ, ಹಾಳಾದೋಳೆ!” ಎಂದು ಕೂಗುತ್ತಿದ್ದೆ.

“ನೀನೇನು ಕಡಿಮೇನಾ ಅತ್ತಿಗೆ? ಅದಕ್ಕೇ ಅಲ್ವಾ ಕಾಲು ಒತ್ತಿದ್ದು!”

ಗಂಜಿ ಮೆತ್ತಗಾಗಿ ಗೋಡೆಗೆ ಅಂಟಿದ್ದ. ಸಾಹುಕಾರರು ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು. ಏಳು ಜನರಿಗೆ ಒಂದೇ ಸ್ಟೂಲು ಹಂಚಿದ್ದು ಅವರಿಗೆ ಬೇಜಾರಾಗಿತ್ತೋ, ಗುಟ್ಟು ಹೊರಬಿದ್ದದ್ದೋ, ಹೇಳುವುದು ಕಷ್ಟ.

ಆಗ ದೊಡ್ಡಮ್ಮ ನಕ್ಕಳು. ಸಣ್ಣ ನಗೆಯಲ್ಲ. ಸುಟ್ಟ ಕೈ ನೋಯುವಷ್ಟು ನಕ್ಕು, ಅದನ್ನು ಹಿಡಿದುಕೊಂಡು ಮತ್ತೆ ನಕ್ಕಳು.

“ನನ್ನ ಮಾರಿದ್ರಿ, ಬಿಡಿ, ಆಯ್ತು. ಏಳೂ ಜನ ಸೇರಿ ಒಂದೇ ಸ್ಟೂಲಿಗೇನ್ರೇ? ತಲಾ ಒಂದು ಕೇಳೋಕೆ ನಿಮ್ಮ ಬಾಯಿ ಬಿದ್ದೋಗಿತ್ತಾ, ಮುಂಡೇವಾ!”

ನನಗೆ ಎಷ್ಟು ನಾಚಿಕೆಯಾಯಿತೆಂದರೆ ಮೇಜಿನ ಕೆಳಗೆ ಹೋಗಿ ಕೂರೋಣ ಅನ್ನಿಸಿತು. ಆ ಜಾಗ ನೆನಪಾಗಿ ಇನ್ನೂ ಹೆಚ್ಚು ನಾಚಿಕೆಯಾಯಿತು.

“ದೊಡ್ಡಮ್ಮ, ಅವತ್ತು ಕೂರೋ ಸರದಿ ನಿಂದು,” ಎಂದೆ. “ನಾನು ಕೂತ್ಬಿಟ್ಟೆ. ನೀನು ಕೂತಿದ್ರೆ ಬೀಳ್ತಿರ್ಲಿಲ್ಲ. ಸಾರ್, ಬರ್ಕೊಳಿ. ಇವಳು ಹರಟೆ ಹೊಡೀಲಿಲ್ಲ. ನಿಂತು ನಿಂತು ತಲೆ ತಿರುಗಿ ಬಿದ್ಲು. ಇಲ್ಲಿ ಹತ್ತು ಗಂಟೆ ಯಾರೂ ಕೂರೋ ಹಾಗಿಲ್ಲ.”

“ಗೊತ್ತು ಬಿಡೇ. ನಿನ್ನ ಕಾಲು ನಾನು ನೋಡಿಲ್ವಾ?” ಎಂದಳು ದೊಡ್ಡಮ್ಮ. ಅವಳು ನಾಲ್ಕು ಮಾತು ಬೈದಿದ್ದರೆ ನಾನು ಅಳುತ್ತಿರಲಿಲ್ಲ.

ಆಫೀಸರು ಬೆವರು ಒರೆಸಿಕೊಂಡರು, ಗಡಿಯಾರ ನೋಡಿದರು, ನನ್ನ ಮೇಜಿನ ಮೇಲಿದ್ದ ಕೋಟು ನೋಡಿದರು. “ನೋಡಿ, ಸ್ಟೂಲು, ಸರದಿ, ಇದೆಲ್ಲ ನಿಮ್ಮ ಒಳಜಗಳ. ಕಾಗದ ಆಗಲೇ ಟೈಪಾಗಿದೆ. ‘ಸ್ವಂತ ಅಜಾಗರೂಕತೆ’ ಅಂತ. ಎಲ್ಲರೂ ಸಾಲಾಗಿ ಬಂದು ಸಹಿ ಹಾಕಿ. ನನಗೆ ಹೊತ್ತಾಗುತ್ತೆ. ಕೋಟು ಆಯ್ತೇನಮ್ಮ?”

“ಹಾಕದೋರು ನಾಳೆಯಿಂದ ಬರೋದು ಬೇಡ,” ಎಂದರು ಸಾಹುಕಾರರು, ಬಹಳ ಶಾಂತವಾಗಿ.

ಯಾರೂ ಮುಂದೆ ಹೋಗಲಿಲ್ಲ, ಹಿಂದೆಯೂ ಸರಿಯಲಿಲ್ಲ. ಮನೆಯಲ್ಲಿ ಒಲೆ ಇದೆ, ಮಕ್ಕಳಿದ್ದಾರೆ. ನಾದಿನಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನನ್ನ ಕೈ ಕೆಲಸದ ಅಭ್ಯಾಸದಂತೆ ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುತ್ತಲೇ ಇತ್ತು.

ದೊಡ್ಡಮ್ಮ ಎಡಗೈಯಲ್ಲಿ, ಹಲ್ಲು ಕಚ್ಚಿ, ಸೆರಗಿನ ಗಂಟು ಬಿಚ್ಚಿದಳು. ಟಿಣ್ಣೆಂದಿತು. ಬಿಳಿ ಗುಂಡಿ ಆಫೀಸರ ಬೂಟಿನ ಪಕ್ಕದಿಂದ ಉರುಳಿಕೊಂಡು ಬಂದು ಕೋಣೆಯ ನಡುವೆ ಮಲಗಿತು.

“ಅಯ್ಯೋ, ಗುಂಡಿ ಬಿತ್ತು ಕಣ್ರೇ,” ಎಂದು ಅವಳು ನಿಂತಲ್ಲೇ, ಬಾಗಿಲಿಗೆ ಅಡ್ಡವಾಗಿ ಕೂತಳು.

ಯಾರ ಸರದಿ ಎಂದು ಯಾರೂ ಕೇಳಲಿಲ್ಲ. ನಾದಿನಿ ಕೂತಳು. ಬಾಯ್ಬಡ್ಕಿ ಕಾಲು ಚಾಚಿ, ಉಸ್ಸಪ್ಪಾ ಎಂದು ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು, ಮೇಜಿನಡಿ ಅಲ್ಲ, ಬಯಲಿನಲ್ಲಿ, ಸಾಹುಕಾರರ ಕಣ್ಣೆದುರಿಗೇ. ನಾನು ಇಸ್ತ್ರಿ ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಚಕ್ಕಂಬಕ್ಕಳ ಹಾಕಿದೆ.

“ಏಳ್ರೇ! ಏನಿದು ನಾಟಕ? ಏನ್ ಮಾಡ್ತಿದೀರಾ?” ಗಂಜಿ ಕಿರುಚಿದ.

“ಗುಂಡಿ ಹುಡುಕ್ತಿದೀವಿ ಸಾರ್,” ಎಂದೆವು.

ಕೋಟಿನ ಬೆನ್ನಿನಿಂದ ಹೊಗೆ ಏಳತೊಡಗಿತು. ಆಫೀಸರು ಸ್ಟೂಲು ಬೀಳಿಸಿಕೊಂಡು ಕೋಟಿನತ್ತ ಓಡಿದರು. ಗುಂಡಿ ನನ್ನ ಮಂಡಿಯ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಿದ್ದಿತ್ತು. ನಾನು ಇನ್ನೂ ಹುಡುಕುತ್ತಿದ್ದೆ.