ರಬ್ಬರ್ ಉಂಗುರ

ಮಹಾಂತೇಶನ ಮಣ್ಣಿಗೆ ಬಂದಿದ್ದವರೆಲ್ಲ ತಮ್ಮ ತಮ್ಮ ಊರು ಸೇರಿದ್ದರು. ಪಲ್ಲವಿ ಎದ್ದು ಅಂಗಳಕ್ಕೆ ನೀರು ಹಾಕಿದಳು. ಎರಡು ಲೋಟ ಚಹಾ ಸೋಸಿ, ಒಂದನ್ನು ಮೋರಿಗೆ ಚೆಲ್ಲಿದಳು. ಅದಿರಿನ ಲಾರಿಗಳ ಕೆಂಧೂಳು ಆಗಲೇ ಒದ್ದೆ ನೆಲದ ಮೇಲೆ ಕೂತಿತ್ತು.

ಹೊರಗೆ ಮೈದುನ ಈಶ್ವರ್ ಅಣ್ಣನ ಬೈಕು ಒರೆಸುತ್ತಿದ್ದ. ನಿನ್ನೆಯಷ್ಟೇ ಠಾಣೆಯಿಂದ ಬಂದಿತ್ತು. ಹ್ಯಾಂಡಲ್ ಗೀಚಿದ್ದು ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ಗಾಡಿ ಒಂದು ಕಡೆ ಜಾರಿತ್ತು, ಅವಳ ಗಂಡ ಮಹಾಂತೇಶ ಇನ್ನೊಂದು ಕಡೆ, ಲಾರಿಯ ಕೆಳಗೆ.

"ಇವತ್ತಿಂದ ಡ್ಯೂಟಿಗೆ ಇದರಾಗ ಹೊಂಟೀನಿ, ಅತ್ತಿಗಿ. ದೋಣಿಮಲೈ ಗಣಿ ಮಟ ಬಸ್ಸಿನಾಗ ನಿಂತು ಕಾಲು ಹೋದ್ವು."

"ಬ್ಯಾಡ. ಅದು ನಡುಗತೈತಿ."

"ತಪ್ಪು ಲಾರಿಯವಂದು. ಗಾಡಿ ಏನ್ ಮಾಡೀತು?" ಎನ್ನುತ್ತ ಅವನು ಸ್ನಾನಕ್ಕೆ ಹೋದ.

ತಿಂಗಳ ಹಿಂದೆ ಮಹಾಂತೇಶ ಮುಂದಿನ ಸ್ಪೋಕಿನ ಚಕ್ರ ತೆಗೆದು ಹೊಳೆಯುವ ಅಲಾಯ್ ಚಕ್ರ ಹಾಕಿದ್ದ. ಬೇರೆ ಗಾಡಿಯ ಅಳತೆಯದು; ಚಕ್ರಕ್ಕೂ ಅದನ್ನು ಹಿಡಿಯುವ ಫೋರ್ಕಿಗೂ ನಡುವೆ ಬೆರಳಗಲ ಸಂದು ಉಳಿಯಿತು. ಅಲ್ಲಿ ಸಂದು ತುಂಬುವ ಉಕ್ಕಿನ ಉಂಗುರ, ಬುಷ್, ಕೂರಬೇಕಿತ್ತು. ಅವನು ಗಣಿಯಲ್ಲಿ ಅದಿರು ಸಾಗಿಸಿದ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರ್ ತುಂಡು ತಂದ. ಕಾಲೊರಸಿಗೆ, ಕೊಟ್ಟಿಗೆಗೆ, ಚಪ್ಪಲಿಗೆ, ಈ ಕಡೆ ಎಲ್ಲಕ್ಕೂ ಅದೇ. "ಗುಡ್ಡ ಹೊತ್ತದ್ದು ನನ್ನ ಹೊರಂಗಿಲ್ಲೇನು?" ಎಂದಿದ್ದ. ಚಾಕು ಕಾಯಿಸಿ ಎರಡು ಉಂಗುರ ಕೊಯ್ದು ಕೊಟ್ಟವಳು ಪಲ್ಲವಿ. ಅಂದಿನಿಂದ ವೇಗ ಐವತ್ತು ದಾಟಿದರೆ ಹ್ಯಾಂಡಲ್ ನಡುಗುತ್ತಿತ್ತು. ವಾರಕ್ಕೊಮ್ಮೆ ನಟ್ಟು ಬಿಗಿಯುತ್ತಿದ್ದ, ಮೆಕ್ಯಾನಿಕ್ ಗವಿಸಿದ್ದಪ್ಪನಿಂದ ಕೇಳಿ ತಂದ ಸ್ಪ್ಯಾನರಿನಲ್ಲಿ.

ಪಲ್ಲವಿ ಆ ಸ್ಪ್ಯಾನರ್ ಹಿಡಿದು ಕೂತಳು. ನಟ್ಟು ಬೆರಳಿಗೇ ತಿರುಗಿತು.

ಈಶ್ವರ್ ತಲೆ ಒರೆಸುತ್ತ ಬಂದಾಗ ಮುಂದಿನ ಚಕ್ರ ನೆಲದ ಮೇಲಿತ್ತು. ಅವಳು ಉಂಗುರಗಳನ್ನು ಅವನ ಅಂಗೈಗೆ ಹಾಕಿದಳು. ಒಂದು ಕಡೆ ಅಗಿದು ಉಗುಳಿದಂತೆ ಸವೆದಿದ್ದವು.

"ನಾನೇ ಕೊಯ್ದು ಕೊಟ್ಟಿದ್ದು," ಎಂದಳು.

ಅವನು ಉಂಗುರಗಳನ್ನು ತಿರುಗಿಸಿ ನೋಡಿ ಕಟ್ಟೆಯ ಮೇಲಿಟ್ಟ. ಬಸ್ಸಿಗೆ ಹೋದ.

ಅವಳು ಸ್ಪ್ಯಾನರ್ ವಾಪಸು ಕೊಡಲು ಗ್ಯಾರೇಜಿಗೆ ನಡೆದಳು. ಗವಿಸಿದ್ದಪ್ಪ ದಡಬಡಿಸಿ ಎದ್ದ.

"ಕುಂದ್ರಿ ಅಕ್ಕಾರ. ಒಂದು ಸ್ಪ್ಯಾನರ್ ಸಲುವಾಗಿ ಇಲ್ಲೀ ಮಟ ಬರೋದೇನಿತ್ರಿ? ಅಣ್ಣಾರು ಹೋದ್ರೂ ಅವರ ತಲ್ಯಾಗಿನ ಉಪಾಯ ಉಳೀತು, ನೋಡ್ರಿ!"

ಅವನ ಬೆರಳು ತೋರಿದ ಕಡೆ ಎರಡು ಬೈಕು ನಿಂತಿದ್ದವು. ಹೊಸ ಅಲಾಯ್ ಚಕ್ರ, ನಟ್ಟಿನ ಪಕ್ಕ ಕಪ್ಪು ರಬ್ಬರ್.

"ಬುಷ್‌ಗೆ ಕಬ್ಬಿಣ ಕಡಿಯೋ ಲೇಥಿನವನ ಕಾಲು ಹಿಡಿಯಂಗಿಲ್ಲ ಈಗ. ಬೆಲ್ಟ್ ಮಸ್ತ್ ಕೂರತೈತಿ."

"ಬಿಚ್ರಿ. ಎರಡೂ."

ಅವಳ ಮುಖ ನೋಡಿ ಅವನ ನಗು ನಿಂತಿತು. "ಮೂರು ಹಾಕಿದ್ದೆ ಅಕ್ಕಾರ," ಎಂದ. "ಒಂದು ಇವತ್ತ ಮುಂಜಾನೇ ಕಂಪ್ಲಿಗೆ ಹೋತು. ಗಂಡ, ಹೆಂಡ್ತಿ."

"ಅವರ ಫೋನ್ ನಂಬರ್ ಐತೇನ್ರಿ?" ಎನ್ನುತ್ತ ಅವಳು ಸ್ಪ್ಯಾನರನ್ನು ಅವನ ಕೈಗಿಟ್ಟಳು.