ಕೊಟೋರ್ ಕೋಟೆಯೂ ಅನ್ನದ ಕುಕ್ಕರೂ

ಲಂಡನ್ನಿನ ರೇನರ್ಸ್ ಲೇನಿನ ಕನ್ನಡ ಡಾಕ್ಟರರಲ್ಲಿ ಒಂದು ಕಟ್ಟಳೆಯಿತ್ತು. ಯಾರು ಎಲ್ಲಿಗೇ ರಜೆಗೆ ಹೋಗಿ ಬರಲಿ, ಉಳಿದವರನ್ನು ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದು ಫೋಟೋ ತೋರಿಸಬೇಕು. ಫೋಟೋ ಮೊದಲು, ಊಟ ಆಮೇಲೆ. ಊಟ ಮೊದಲು ಹಾಕಿದರೆ ಫೋಟೋಗೆ ಯಾರೂ ಉಳಿಯುವುದಿಲ್ಲ ಎಂಬುದು ಎಲ್ಲರೂ ಅನುಭವಿಸಿ ಕಂಡುಕೊಂಡ ಸತ್ಯ. 2007ರ ಸೆಪ್ಟೆಂಬರಿನಲ್ಲಿ ಈ ಶಿಕ್ಷೆ ಕೊಡುವ ಸರದಿ ಮೈಸೂರಿನ ತಿರುಮಲೇಶನದು. ಅವನು ಅರಿವಳಿಕೆ ತಜ್ಞ. ಜನರನ್ನು ಮಲಗಿಸುವುದೇ ವೃತ್ತಿಯಾದ್ದರಿಂದ ಅವನ ಪ್ರದರ್ಶನಗಳಿಗೆ ಒಳ್ಳೆಯ ಹೆಸರಿತ್ತು.

ಅವನ ಹೆಂಡತಿ ವತ್ಸಲಾ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗಳು ಪ್ರಾಚಿ ಅಂದು ಬೆಳಿಗ್ಗೆ ಕ್ಯಾಮೆರಾದಲ್ಲಿದ್ದುದನ್ನೆಲ್ಲ ನೋಡದೆಯೇ ಸಿಡಿಗೆ ತುಂಬಿದ್ದಳು. ಅದರ ಕೊನೆಯಲ್ಲಿ ಏನಿದೆ ಎಂದು ಆ ಮನೆಯಲ್ಲಿ ವತ್ಸಲಾಗೆ ಮಾತ್ರ ಗೊತ್ತಿತ್ತು.

ಈ ಸಲ ಅವರು ಹೋಗಿದ್ದು ಮಾಂಟೆನೆಗ್ರೊ ದೇಶದ ಕೊಟೋರಿಗೆ. ಸುತ್ತ ಬೆಟ್ಟ, ನಡುವೆ ಕೊಲ್ಲಿ, ಕೊಲ್ಲಿಯ ಅಂಚಿಗೆ ಗೋಡೆ ಕಟ್ಟಿಕೊಂಡ ಹಳೆಯ ಕಲ್ಲಿನ ಊರು. ಆ ಗೋಡೆ ಊರಿನ ಬೆನ್ನಿಗಿರುವ ಬೆಟ್ಟವನ್ನೇ ಹತ್ತಿ ತುದಿಯ ಕೋಟೆಯನ್ನು ಮುಟ್ಟುತ್ತದೆ. ಇದನ್ನೆಲ್ಲ ನೋಡಲು ತಿರುಮಲೇಶನ ಸಂಸಾರ ಅನ್ನದ ಕುಕ್ಕರ್, ಸೋನಾ ಮಸೂರಿ, ಸಾರಿನ ಪುಡಿ ಸಮೇತ ಹೊರಟಿತ್ತು. ಎಲ್ಲಿಗೆ ಹೋದರೂ ಮಧ್ಯಾಹ್ನ ಅವನಿಗೆ ಬಿಸಿ ಅನ್ನ ಸಾರು ಬೇಕು. ಕುಕ್ಕರಿಗೆ ಜಾಗ ಮಾಡುವ ಭರದಲ್ಲಿ ಕ್ಯಾಮೆರಾದ ಚಾರ್ಜರ್ ಮನೆಯಲ್ಲೇ ಉಳಿಯಿತು. ಕುಕ್ಕರನ್ನು ಮಾತ್ರ ಯಾರೂ ಎಂದೂ ಮರೆತಿರಲಿಲ್ಲ.

ಹೀಗೆ ವತ್ಸಲಾ ಯೂರೋಪನ್ನೆಲ್ಲ ರಜೆಗೆ ಹಿಡಿದ ಬಾಡಿಗೆ ಮನೆಗಳ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಪ್ಯಾರಿಸ್ ಎಂದರೆ ಅವಳಿಗೆ ಎದುರು ಮನೆಯ ಪೈಪು. ಕೊಟೋರಿನ ಕಿಟಕಿ ಮಾತ್ರ ಬೇರೆಯಾಗಿತ್ತು. ಅಕ್ಕಿ ತೊಳೆಯುತ್ತ ತಲೆಯೆತ್ತಿದರೆ ಆ ಗೋಡೆ ಬೆಟ್ಟ ಹತ್ತಿ ಹೋಗುವುದು ಕಾಣುತ್ತಿತ್ತು. ಅದರ ತುದಿಯಲ್ಲಿ ಒಮ್ಮೆ ನಿಲ್ಲಬೇಕೆಂದು ಅವಳಿಗೆ ಬಲವಾಗಿ ಅನ್ನಿಸಿತು.

"ನಾಳೆ ನಾನೂ ಬರ್ತೀನ್ರೀ," ಎಂದಳು.

"ನಿನ್ನ ಮೊಣಕಾಲಿಗೆ ಆಗಲ್ಲ ಕಣೆ," ಎಂದ ತಿರುಮಲೇಶ. "ಅಲ್ದೆ ನಾನು ಸುಸ್ತಾಗಿ ವಾಪಸ್ ಬಂದ್ರೆ ಊಟಕ್ಕೇನು?"

ಮೊಣಕಾಲಿನ ಮೇಲೆ ಅವನಿಗೆ ಎಷ್ಟು ಕಾಳಜಿ! ಮರುದಿನ ಬೆಳಿಗ್ಗೆ ಅವನು ಹ್ಯಾಟು ಹಾಕಿಕೊಂಡು ಒಬ್ಬನೇ ಹೊರಟ. ಪ್ರಾಚಿ ಹೊದ್ದು ಮಲಗಿದ್ದಳು. ವತ್ಸಲಾ ಸಾರು ಕುದಿಸಿ ಇಳಿಸಿ, ಕುಕ್ಕರಿಗೆ ಅಕ್ಕಿ ಹಾಕಿ ಗುಂಡಿ ಒತ್ತಿದಳು. ಅನ್ನ ಆದಮೇಲೆ ಅದು ತಾನಾಗಿಯೇ ಆಫ್ ಆಗುತ್ತದೆ, ಬಿಸಿಯನ್ನೂ ಉಳಿಸಿಕೊಳ್ಳುತ್ತದೆ. ಇಷ್ಟು ವರ್ಷ ತಾನು ಅದಕ್ಕೆ ಕಾವಲು ನಿಂತಿದ್ದೇಕೆ ಎಂದು ಅವಳಿಗೆ ಆಗ ಹೊಳೆಯಿತು. ಸೀರೆಯ ಮೇಲೆ ಕಾರ್ಡಿಗನ್ ಹಾಕಿ, ಟ್ರೇನರ್ಸ್ ಶೂ ಮೆಟ್ಟಿ ಹೊರಟಳು.

ಅರ್ಧ ದಾರಿಯಲ್ಲಿ ಒಂದು ಚಿಕ್ಕ ಚರ್ಚು. ಅದರ ನೆರಳಿನಲ್ಲಿ ತಿರುಮಲೇಶ ಗೋಡೆಗೊರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಕ್ಯಾಮೆರಾ ಬಿದ್ದಿತ್ತು. ಎಬ್ಬಿಸೋಣವೆಂದು ಅವಳು ಬಗ್ಗಿದಳು. ಎಬ್ಬಿಸಿದರೆ ಮೊದಲು ಅನ್ನದ ವಿಷಯ ಕೇಳುತ್ತಾನೆ. ಕ್ಯಾಮೆರಾ ಮಾತ್ರ ಎತ್ತಿಕೊಂಡು ಮುಂದೆ ನಡೆದಳು.

ತುದಿಯಲ್ಲಿ ನಿಂತಾಗ ಅವಳಿಗೆ ಅಳು ಬಂತು. ಕೆಳಗೆ ಕೆಂಪು ಹೆಂಚುಗಳು, ಅವುಗಳಾಚೆ ಬೆಟ್ಟಗಳ ನಡುವೆ ಅಲುಗಾಡದೆ ಮಲಗಿದ ನೀರು. ಫೋಟೋ ತೆಗೆದಳು. ಇಳಿಯುವಾಗ ಗಂಡ ಇನ್ನೂ ಹಾಗೆಯೇ ಇದ್ದ. ಅವನದೂ ಒಂದು ತೆಗೆದಳು. ಅಷ್ಟಕ್ಕೆ ಬ್ಯಾಟರಿ ಸತ್ತಿತು. ಕ್ಯಾಮೆರಾವನ್ನು ಇದ್ದಲ್ಲೇ ಇಟ್ಟು ಮನೆಗೆ ಬಂದಳು. ಸ್ವಲ್ಪ ಹೊತ್ತಿಗೆ ತಿರುಮಲೇಶ ಬೆವರೊರೆಸಿಕೊಳ್ಳುತ್ತ ಬಂದ.

"ತುದೀಗೆ ಹೋಗಿದ್ದೆ ಕಣೆ! ಹಾಳಾದ ಬ್ಯಾಟರಿ, ಒಂದು ಫೋಟೋನೂ ಇಲ್ಲ."

ವತ್ಸಲಾ ಅನ್ನ ಬಡಿಸಿದಳು. ನೀನೇನು ನೋಡಿದೆ ಎಂದು ಒಮ್ಮೆ ಕೇಳಲಿ, ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಳು. ಅವನು ಸಾರಿಗೆ ಉಪ್ಪು ಕಮ್ಮಿ ಎಂದ. ಲಂಡನ್ನಿಗೆ ಮರಳಿ ವಾರಗಳು ಕಳೆದರೂ ಆ ಪ್ರಶ್ನೆ ಬರಲಿಲ್ಲ.

ಈಗ ಟೀವಿಯಲ್ಲಿ ಅರ್ಧ ದಾರಿಯ ಚರ್ಚು ಬಂದಿತ್ತು. "ಇಲ್ಲಿಗೆ ಬ್ಯಾಟರಿ ಮುಗೀತು," ಎಂದು ತಿರುಮಲೇಶ ಘೋಷಿಸಿದ. "ತುದಿಯಿಂದ ಕಂಡಿದ್ದನ್ನ ಬಾಯಲ್ಲೇ ಹೇಳ್ತೀನಿ." ಗೈಡ್‌ಬುಕ್ಕಿನ ಒಂದು ಪುಟ ಅವನ ಬಾಯಿಂದ ಇಳಿಯತೊಡಗಿತು.

ಧಾರವಾಡದ ಶೋಭಾ ನಡುವೆ ಬಾಯಿ ಹಾಕಿದಳು. "ವತ್ಸಲಾ, ನೀ ಏನೇನ್ ನೋಡಿದಿ?"

"ಅವಳಿಗೆ ಮೊಣಕಾಲು," ಎಂದು ತಿರುಮಲೇಶ ಉತ್ತರಿಸಿದ. "ಅಡುಗೆ ಮಾಡ್ಕೊಂಡು ಆರಾಮಾಗಿದ್ಳು."

ವತ್ಸಲಾ ಸೌಟನ್ನು ಟೀಪಾಯಿಯ ಮೇಲಿಟ್ಟು, ಗಂಡನ ಕೈಯಿಂದ ರಿಮೋಟ್ ತೆಗೆದುಕೊಂಡು ಒತ್ತಿದಳು. ಟೀವಿಯ ತುಂಬ ಕೊಲ್ಲಿ ಹರಡಿತು.

"ಅಲ್ರೀ, ಬ್ಯಾಟರಿ ಮುಗೀತು ಅಂದ್ರಿ?" ಎಂದ ಶೋಭಾಳ ಗಂಡ ವಿಶ್ವನಾಥ.

ತಿರುಮಲೇಶ ಒಂದು ಗಳಿಗೆ ಕಣ್ಣು ಬಿಟ್ಟ. ಸಿಕ್ಕಿದ್ದನ್ನು ಬಿಡುವ ಜಾಯಮಾನ ಅವನದಲ್ಲ. "ಮುಗಿಯೋ ಮುಂಚೆ ಒಂದೆರಡು ತೆಗೆದಿದ್ದೆ ಅನ್ಸುತ್ತೆ. ಲೈಟಿಂಗ್ ನೋಡಿ, ಹೇಗೆ ಹಿಡಿದಿದೀನಿ!"

ವತ್ಸಲಾ ಮತ್ತೆ ಒತ್ತಿದಳು. ಕೋಟೆಯ ಕಲ್ಲಿನ ಮೇಲೆ ಫೋಟೋ ತೆಗೆದವರ ನೆರಳು ಉದ್ದಕ್ಕೆ ಬಿದ್ದಿತ್ತು. ಹೆಗಲಿನಿಂದ ಸೆರಗು ಹಾರುತ್ತಿತ್ತು.

"ಅಯ್ಯ!" ಎಂದಳು ಶೋಭಾ. "ಸೀರಿ ಉಟ್ಕೊಂಡು ಕೋಟಿ ಹತ್ತಿದ್ರೇನ್ರೀ ತಿರುಮಲೇಶ್?"

"ಅಮ್ಮಾ, ದಟ್ಸ್ ಯೂ!" ಎಂದು ಪ್ರಾಚಿ ಎದ್ದು ನಿಂತಳು.

"ಇನ್ನೊಂದಿದೆ," ಎಂದಳು ವತ್ಸಲಾ. "ಅದ್ರಲ್ಲಿ ನಿಮ್ಮಪ್ಪ ಇದಾರೆ."

ಟೀವಿಯ ತುಂಬ ಚರ್ಚಿನ ಗೋಡೆ, ಜಾರಿದ ಹ್ಯಾಟು, ತೆರೆದ ಬಾಯಿ.

"ಇವ್ರಿಗೆ ಅನಸ್ತೇಶಿಯಾ ಯಾರ್ ಕೊಟ್ರು?" ಎಂದು ವಿಶ್ವನಾಥ ಕೇಳಿದ್ದೇ ತಡ, ಕೋಣೆಯೆಲ್ಲ ನಗು. ತಿರುಮಲೇಶ ನಗಲಿಲ್ಲ. ರಿಮೋಟ್ ತೆಗೆದುಕೊಂಡು ಹಿಂದಕ್ಕೆ, ಆ ನೆರಳಿನ ಫೋಟೋಗೆ ಹೋದ.

"ಮೇಲಿಂದ ಹೇಗಿತ್ತೇ?" ಎಂದು ಮೆಲ್ಲಗೆ ಕೇಳಿದ.

ವತ್ಸಲಾ ಸೋಫಾದಲ್ಲಿ, ಗಂಡನ ಜಾಗದಲ್ಲಿ ಕೂತು ಕಾಲು ಚಾಚಿದಳು.

"ಹೇಳ್ತೀನಿ, ತುಂಬ ಇದೆ," ಎಂದಳು. "ಅನ್ನ ಆಗಿದೆ. ಎಲ್ಲರಿಗೂ ನೀವೇ ಬಡಿಸ್ಕೊಂಡು ಬನ್ನಿ."